ಕಾಲಿನ ಉಗುರು ತೆಗೆಯುವವರು ಯಾರು? ಬೆಂಗಳೂರಿನ ಚರ್ಚುಗಳಲ್ಲಿ ಹಿರಿಯರ ಪಾದದ ಆರೈಕೆ

ಎಂಬತ್ತು ದಾಟಿದವರ ಕಾಲಿನ ಉಗುರನ್ನು ಈ ಊರಿನಲ್ಲಿ ಯಾರು ತೆಗೆಯುತ್ತಾರೆ? ಮಂಡಿ ಮಡಿಸಲಾಗದು, ಸೊಂಟ ಬಗ್ಗದು. ಕಣ್ಣಿನ ಪೊರೆ ತೆಗೆಸಿದ್ದರೂ ಹೆಬ್ಬೆರಳಿನ ಅಂಚು ಅಷ್ಟು ದೂರಕ್ಕೆ ನಿಚ್ಚಳವಾಗಿ ಕಾಣದು. ಮಗ, ಸೊಸೆ ವೈಟ್‌ಫೀಲ್ಡಿನಲ್ಲೋ ಟೊರಾಂಟೊದಲ್ಲೋ ಇರುತ್ತಾರೆ. ಮನೆಗೆಲಸಕ್ಕೆ ಬರುವವರಿಗೆ ಹೇಳಲು ಸಂಕೋಚ. ಹಿಂದೆ ಮನೆಗೆ ಬರುತ್ತಿದ್ದ ಕ್ಷೌರಿಕರು ಕೂದಲಿನ ಜೊತೆಗೆ ಉಗುರನ್ನೂ ತೆಗೆದು ಹೋಗುತ್ತಿದ್ದರು. ಈಗಿನ ಸೆಲೂನುಗಳಲ್ಲಿ ಆ ರೂಢಿ ಉಳಿದಿಲ್ಲ. ಬ್ಯೂಟಿ ಪಾರ್ಲರಿನ ಪೆಡಿಕ್ಯೂರ್ ಇರುವುದು ಚೆಂದಕ್ಕೆ. ಜೋಮು ಹಿಡಿದ ಪಾದವನ್ನು ಗುರುತಿಸುವುದು ಹೇಗೆಂದು ಅಲ್ಲಿನ ಹುಡುಗಿಗೆ ಯಾರೂ ಕಲಿಸಿಲ್ಲ. ಆಸ್ಪತ್ರೆಯಲ್ಲಿ ಸಿಗುವ ನಾಲ್ಕೈದು ನಿಮಿಷದಲ್ಲಿ ಡಾಕ್ಟರು ಸಕ್ಕರೆಯ ಅಂಕಿ ನೋಡಿ ಮಾತ್ರೆ ಬರೆಯುತ್ತಾರೆ, ಕಾಲುಚೀಲ ಬಿಚ್ಚಿಸುವುದು ಅಪರೂಪ. ಹೀಗೆ ಒಬ್ಬೊಬ್ಬರ ಕೈಯಿಂದಲೂ ಜಾರುತ್ತಾ ಬಂದ ಕೆಲಸ ಇವತ್ತು ಯಾರದ್ದೂ ಅಲ್ಲದ ಕೆಲಸವಾಗಿದೆ.

ಇದರ ಹಾನಿ ನಿಧಾನವಾದದ್ದು. ಬೆಳೆದು ದಪ್ಪಗಟ್ಟಿದ ಉಗುರು ಚಪ್ಪಲಿಗೋ ಶೂವಿಗೋ ಒತ್ತುತ್ತದೆ, ಕೆಳಗಿನ ಮಾಂಸ ನಲುಗುತ್ತದೆ. ಬಾಗಿ ಬೆಳೆದರೆ ಪಕ್ಕದ ಬೆರಳನ್ನು ಕೊರೆಯುತ್ತದೆ. ಸ್ಪರ್ಶ ಚೆನ್ನಾಗಿರುವವರು ಅಯ್ಯೋ ಎಂದು ಚಪ್ಪಲಿ ಕಳಚಿಡುತ್ತಾರೆ. ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇರುವವರಲ್ಲಿ ಆ ನೋವೇ ಹುಟ್ಟದಿರಬಹುದು. ಕಾಲುಚೀಲದ ಮೇಲೆ ಕಲೆ ಕಂಡಾಗ ಅಥವಾ ವಾಸನೆ ಬಂದಾಗ ಮನೆಯವರಿಗೆ ಗೊತ್ತಾಗುತ್ತದೆ. ಅಷ್ಟರಲ್ಲಿ ಕೀವು ಒಳಗಿನ ಮೂಳೆಯವರೆಗೆ ಇಳಿದಿರಲೂಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನೆರವಿನ ಇಂಡಿಯಾಬ್ ಅಧ್ಯಯನ 2023ರಲ್ಲಿ ಲೆಕ್ಕ ಹಾಕಿದಂತೆ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ. ಅವರಲ್ಲಿ ವಯಸ್ಸಾಗುತ್ತಿರುವ ಪ್ರತಿಯೊಬ್ಬರಿಗೂ ಎರಡು ಪಾದಗಳಿವೆ, ಹತ್ತು ಉಗುರುಗಳಿವೆ.

70 ವರ್ಷ ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತ್ ವಿಸ್ತರಿಸಿ ಕೇಂದ್ರ ಸರ್ಕಾರ 2024ರ ಅಕ್ಟೋಬರಿನಲ್ಲಿ ಯೋಜನೆ ತಂದಿತು. ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ರಕ್ಷಣೆ. ಒಳ್ಳೆಯದೇ. ಆದರೆ ಅದು ಆಸ್ಪತ್ರೆಗೆ ದಾಖಲಾದವರಿಗೆ. ಬೆರಳು ಕತ್ತರಿಸುವ ಹಂತ ಬಂದರೆ ಹಣದ ದಾರಿ ಇದೆ, ಆ ಹಂತ ಬಾರದಂತೆ ಉಗುರು ತೆಗೆಯುವುದಕ್ಕೆ ಇಲ್ಲ. ವಾರ್ಡಿನ ಸರ್ಕಾರಿ ‘ನಮ್ಮ ಕ್ಲಿನಿಕ್’ನಲ್ಲಿ ಸಕ್ಕರೆ, ಬಿಪಿ ನೋಡಿ ಮಾತ್ರೆ ಕೊಡುತ್ತಾರೆ. ಒಬ್ಬರ ಪಾದದ ಮುಂದೆ ನಲವತ್ತು ನಿಮಿಷ ಕೂರುವಷ್ಟು ಬಿಡುವು ಅಲ್ಲಿನ ನರ್ಸಿಗೆ ಇಲ್ಲ.

ಈ ಕೆಲಸಕ್ಕೆ ಚರ್ಚು ಸೂಕ್ತ ಜಾಗ ಎನ್ನುವುದು ಈಗಾಗಲೇ ಬೇರೆಡೆ ಪ್ರಯೋಗವಾಗಿರುವ ಮಾತು. ಅಮೆರಿಕದ ಷಿಕಾಗೋ ಬಳಿ ಲೂಥರನ್ ಪಾದ್ರಿ ಗ್ರೇಂಜರ್ ವೆಸ್ಟ್‌ಬರ್ಗ್ 1984ರ ಹೊತ್ತಿಗೆ, ಆಸ್ಪತ್ರೆಯೊಂದರ ಜೊತೆ ಸೇರಿ, ಸಭೆಗೊಬ್ಬ (ಅಂದರೆ ಒಂದು ಚರ್ಚಿನ ಭಕ್ತಸಮೂಹಕ್ಕೊಬ್ಬ) ನರ್ಸ್ ಎಂಬ ಪದ್ಧತಿ ಶುರುಮಾಡಿದರು. ಪ್ಯಾರಿಷ್ ನರ್ಸಿಂಗ್ ಎಂಬ ಹೆಸರು ಬಂದದ್ದು ಅಲ್ಲಿಂದ. ಕೆನಡಾದಲ್ಲಿ ಪಾದದ ಆರೈಕೆಯನ್ನೇ ವೃತ್ತಿ ಮಾಡಿಕೊಂಡ ನರ್ಸ್‌ಗಳಿದ್ದಾರೆ. ನಮ್ಮಲ್ಲಿ ಅಂಥ ಹೆಸರಿಲ್ಲ, ಬಂಡವಾಳ ಮಾತ್ರ ಇದೆ. 1886ರಲ್ಲಿ ಆರಂಭವಾದ ಸೇಂಟ್ ಮಾರ್ಥಾಸ್, 1973ರಲ್ಲಿ ಹೆಬ್ಬಾಳದ ಕಡೆ ಬಂದ ಬ್ಯಾಪ್ಟಿಸ್ಟ್ ಆಸ್ಪತ್ರೆ, ಕೋರಮಂಗಲದ ಸೇಂಟ್ ಜಾನ್ಸ್ ಮುಂತಾದ ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತರಾದ ನರ್ಸ್‌ಗಳು ನಗರದ ಸಭೆಗಳಲ್ಲಿ ಸಿಗುತ್ತಾರೆ. ಸದಸ್ಯರ ಹೆಸರು, ವಯಸ್ಸು, ವಿಳಾಸ ಇರುವ ರಿಜಿಸ್ಟರ್ ಇದೆ. ಸಂಡೇಸ್ಕೂಲಿಗೆ ಕಟ್ಟಿದ, ಮೆಟ್ಟಿಲು ಹತ್ತಬೇಕಿಲ್ಲದ ಕೋಣೆ ವಾರವಿಡೀ ಬೀಗ ಹಾಕಿಕೊಂಡಿರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಜನ ವಾರವಾರ ಅಲ್ಲಿಗೆ ಬಂದೇ ಬರುತ್ತಾರೆ.

ಒಂದು ಅಡ್ಡಿಯನ್ನೂ ಚರ್ಚು ಹಗುರ ಮಾಡುತ್ತದೆ. ನಮ್ಮಲ್ಲಿ ಕಿರಿಯರು ಹಿರಿಯರ ಕಾಲಿಗೆ ಬೀಳುವುದು ಸಹಜ. ಹಿರಿಯರು ಕಾಲು ಚಾಚಿ ‘ನೋಡು’ ಎನ್ನುವುದು ಕಷ್ಟ. ‘ಬೇಡ ಸಿಸ್ಟರ್, ನೀವ್ಯಾಕೆ ನನ್ನ ಕಾಲು ಮುಟ್ತೀರಾ’ ಎಂದು ಹಿಂದಕ್ಕೆಳೆದುಕೊಳ್ಳುವವರೇ ಹೆಚ್ಚು. ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿ, ಯೇಸು ಶಿಷ್ಯರ ಪಾದ ತೊಳೆಯಲು ಬಂದಾಗ, ಪೇತ್ರನೂ ಇದೇ ಮಾತಾಡಿದ. ಪ್ರತಿ ವರ್ಷ ಪವಿತ್ರ ಗುರುವಾರದಂದು ಗುರುಗಳು ಪಾದ ತೊಳೆಯುವುದನ್ನು ಕಂಡವರಿಗೆ, ನರ್ಸ್ ಮುಂದೆ ಕಾಲು ಚಾಚುವುದು ಅವಮಾನವಾಗಿ ಕಾಣುವುದಿಲ್ಲ. ಇನ್ನೊಂದು ಮುಜುಗರ ನರ್ಸ್‌ಗಳ ಕಡೆಯದು. ಉಗುರು ತೆಗೆಯುವುದನ್ನು ಜಾತಿಗೆ ಅಂಟಿಸಿ ಕೀಳು ಕೆಲಸ ಎಂದು ನೋಡಿದ ಸಮಾಜ ನಮ್ಮದು. ನಾಲ್ಕು ವರ್ಷ ಓದಿ ಐಸಿಯು ನೋಡಿಕೊಂಡವರಿಗೆ ‘ಇದಕ್ಕೆ ನರ್ಸ್ ಯಾಕೆ’ ಅನ್ನಿಸಬಹುದು. ಯಾಕೆಂದರೆ ಕತ್ತರಿಯ ಕೆಲಸ ಇದರಲ್ಲಿ ಕಾಲುಪಾಲು ಮಾತ್ರ. ಮುಕ್ಕಾಲು ಪಾಲು ನೋಡುವುದು, ಮುಟ್ಟಿ ತಿಳಿಯುವುದು, ಎಲ್ಲಿ ನಿಲ್ಲಿಸಬೇಕೆಂದು ನಿರ್ಧರಿಸುವುದು.

ಶಿಬಿರವೋ ಸರದಿಯೋ

ಚರ್ಚ್ ಕಮಿಟಿಗೆ ಈ ವಿಷಯ ಹೇಳಿದ ಕೂಡಲೇ ಬರುವ ಮಾತು ‘ಒಂದು ಕ್ಯಾಂಪ್ ಮಾಡೋಣ’. ಶಾಮಿಯಾನ, ಬ್ಯಾನರು, ಇನ್ನೂರು ಜನ, ಮಧ್ಯಾಹ್ನ ಊಟ. ಕಣ್ಣು ತಪಾಸಣೆಗೆ ಅದು ನಡೆಯುತ್ತದೆ, ಏಕೆಂದರೆ ಕನ್ನಡಕ ಕೊಟ್ಟರೆ ಒಂದೆರಡು ವರ್ಷ ಬರುತ್ತದೆ. ಪಾದಕ್ಕೆ ಅದು ನಡೆಯದು. ಕಾಲಿನ ಉಗುರು ತಿಂಗಳಿಗೆ ಸುಮಾರು 1.6 ಮಿಲಿಮೀಟರ್ ಬೆಳೆಯುತ್ತದೆ. ಎಂಟು ವಾರಕ್ಕೆ ಹತ್ತಿರ ಹತ್ತಿರ 3 ಮಿಲಿಮೀಟರ್, ಅಂದರೆ ಮತ್ತೆ ಶೂವಿಗೆ ತಾಗುವಷ್ಟು. ಜಡ್ಡುಗಟ್ಟಿದ ಚರ್ಮವೂ ಕೆಲವೇ ವಾರಗಳಲ್ಲಿ ಮರಳುತ್ತದೆ. ಮಧುಮೇಹದ ಪಾದಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ಕಾರ್ಯತಂಡದ ಮಾರ್ಗಸೂಚಿಯೂ ಅವಧಿಯ ಲೆಕ್ಕದಲ್ಲೇ ಮಾತಾಡುತ್ತದೆ: ಸ್ಪರ್ಶ, ರಕ್ತಸಂಚಾರ ಎರಡೂ ಸರಿಯಿದ್ದರೆ ವರ್ಷಕ್ಕೊಮ್ಮೆ ತಪಾಸಣೆ, ಎರಡರಲ್ಲಿ ಒಂದು ಕುಂದಿದ್ದರೆ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ, ಎರಡೂ ಕುಂದಿದ್ದರೆ, ಅಥವಾ ಒಂದರ ಜೊತೆ ಪಾದದ ಆಕಾರವೂ ಕೆಟ್ಟಿದ್ದರೆ, ಮೂರರಿಂದ ಆರು ತಿಂಗಳಿಗೊಮ್ಮೆ, ಸ್ಪರ್ಶ ಅಥವಾ ರಕ್ತಸಂಚಾರ ಕುಂದಿರುವುದರ ಜೊತೆಗೆ ಹಿಂದೆ ಹುಣ್ಣಾಗಿ ವಾಸಿಯಾಗಿದ್ದರೆ, ಬೆರಳು ಕಳೆದುಕೊಂಡಿದ್ದರೆ ಅಥವಾ ಕಿಡ್ನಿ ಪೂರ್ತಿ ಕೈಕೊಟ್ಟಿದ್ದರೆ ಒಂದರಿಂದ ಮೂರು ತಿಂಗಳಿಗೊಮ್ಮೆ.

ಆದ್ದರಿಂದ ಬೇಕಿರುವುದು ಸರದಿ. ಲೆಕ್ಕ ಸರಳವಾಗಿದೆ. ಒಬ್ಬರಿಗೆ 40 ನಿಮಿಷ. ಶನಿವಾರ ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡೂವರೆವರೆಗೆ ಇಬ್ಬರು ನರ್ಸ್ ಕೂತರೆ ತಲಾ ನಾಲ್ವರು, ಒಟ್ಟು ಎಂಟು ಜನ. ತಡವಾಗಿ ಬರುವವರಿಗೆಂದು 20 ನಿಮಿಷ ಉಳಿಯುತ್ತದೆ. ಎಂಟು ಶನಿವಾರಕ್ಕೆ 64 ಸ್ಥಾನ. ಸಭೆಯಲ್ಲಿ ನೆರವು ಬೇಕಾದ ಹಿರಿಯರು 60 ಇದ್ದಾರೆ ಎಂದುಕೊಂಡರೆ ಎಲ್ಲರಿಗೂ ಎಂಟು ವಾರಕ್ಕೊಮ್ಮೆ ಸರದಿ ಬರುತ್ತದೆ, ಬೇಗ ನೋಡಬೇಕಾದವರಿಗೆ ನಾಲ್ಕು ಸ್ಥಾನ ಖಾಲಿ ಇರುತ್ತದೆ. ನೂರು ಜನರಿಗೆ ಮಾಡುತ್ತೇವೆ ಎಂದು ಹೊರಟು ಒಬ್ಬರಿಗೆ 15 ನಿಮಿಷಕ್ಕೆ ಇಳಿಸಿದರೆ ಮೊದಲು ಬಿಟ್ಟುಹೋಗುವುದೇ ಪರೀಕ್ಷೆ, ಉಳಿಯುವುದು ಬರೀ ಕತ್ತರಿ. ಭಾನುವಾರ ಆರಾಧನೆ ಮುಗಿದ ಮೇಲೆ ಮಾಡೋಣ ಎನ್ನುವುದೂ ಸರಿಹೋಗದು. ಮನೆಗೆ ಹೊರಡುವ ಆಟೊ, ಹಸಿವು, ಮಾತಾಡಿಸುವ ನೆಂಟರು ಇವುಗಳ ನಡುವೆ ಯಾರೂ ನಲವತ್ತು ನಿಮಿಷ ಕೂರುವುದಿಲ್ಲ.

ನಲವತ್ತು ನಿಮಿಷದಲ್ಲಿ ನಡೆಯುವುದೇನು

ಕೈಯಿರುವ ಗಟ್ಟಿ ಕುರ್ಚಿ ಹಿರಿಯರಿಗೆ, ಗಿಡ್ಡ ಸ್ಟೂಲು ನರ್ಸಿಗೆ. ಪಾದ ನರ್ಸ್‌ನ ತೊಡೆಯ ಮಟ್ಟಕ್ಕೆ ಬರಬೇಕು. ಇಲ್ಲದಿದ್ದರೆ ಮೂರನೆಯವರ ಹೊತ್ತಿಗೆ ನರ್ಸ್‌ನ ಬೆನ್ನು ಹಿಡಿದುಕೊಳ್ಳುತ್ತದೆ. ಚರ್ಚಿನ ಹಗುರ ಪ್ಲಾಸ್ಟಿಕ್ ಕುರ್ಚಿ ಏಳುವಾಗ ಹಿಂದಕ್ಕೆ ಜಾರುತ್ತದೆ, ಅದನ್ನು ಬಳಸಬಾರದು. ಟ್ಯೂಬ್‌ಲೈಟಿನ ಬೆಳಕು ಬೆರಳ ಸಂದಿಗೆ ಇಳಿಯುವುದಿಲ್ಲ. ಹಣೆಗೆ ಕಟ್ಟುವ ಟಾರ್ಚ್ ಬೇಕು.

ಮೊದಲು ಮಾತು. ಸಕ್ಕರೆ ಎಷ್ಟು ವರ್ಷದಿಂದ? ರಕ್ತ ತೆಳುವಾಗಿಸುವ ಮಾತ್ರೆ ಇದೆಯೆ? ಬೀಡಿ, ಸಿಗರೇಟು? ಹಿಂದೆ ಹುಣ್ಣಾಗಿತ್ತೆ? ಆಮೇಲೆ ಒಂದು ಮುಖ್ಯ ಪ್ರಶ್ನೆ: ನಡೆಯುವಾಗ ಚಪ್ಪಲಿ ಕಾಲಿಂದ ಜಾರಿಹೋಗಿದ್ದು ಗೊತ್ತೇ ಆಗದೆ ಮುಂದೆ ಹೋದದ್ದಿದೆಯೆ? ಹವಾಯಿ ಚಪ್ಪಲಿಯ ನಾಡಿನಲ್ಲಿ ನರಗಳ ಬಲ ಕುಂದಿರುವುದನ್ನು ಇದಕ್ಕಿಂತ ಚೆನ್ನಾಗಿ ಹೊರಗೆಳೆಯುವ ಪ್ರಶ್ನೆ ಇಲ್ಲ. ರಾತ್ರಿ ಕಾಲು ನೋವಾಗಿ ಮಂಚದಿಂದ ಕೆಳಗೆ ಇಳಿಬಿಟ್ಟಾಗ ಹಾಯೆನಿಸುತ್ತದೆ ಎಂದರೆ ರಕ್ತನಾಳ ಕಟ್ಟಿರುವ ಸೂಚನೆ. ಅವರ ಉಗುರಿಗೆ ಆ ದಿನ ಕತ್ತರಿ ಮುಟ್ಟಿಸುವುದಿಲ್ಲ.

ಆಮೇಲೆ ನೋಟ. ಎರಡೂ ಪಾದಗಳನ್ನು ಪಕ್ಕಪಕ್ಕ ಇಟ್ಟು ಅಂಗಾಲು, ಹಿಮ್ಮಡಿ, ಎಂಟೂ ಬೆರಳ ಸಂದು ನೋಡಬೇಕು. ‘ಕೆಂಪಾಗಿದ್ದರೆ ಸೋಂಕು’ ಎಂದು ಪುಸ್ತಕ ಹೇಳುತ್ತದೆ. ನಮ್ಮ ಚರ್ಮದ ಮೇಲೆ ಕೆಂಪು ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ಸುತ್ತಲಿಗಿಂತ ಕಪ್ಪಾದ ಅಥವಾ ನೇರಳೆ ಛಾಯೆ, ಬಿಗಿದ ಹೊಳಪು, ಊತ ಇವೇ ಸುಳಿವು. ಕೈಯ ಹಿಂಬದಿಯಿಂದ ಎರಡೂ ಪಾದ ಮುಟ್ಟಿ ಬಿಸಿ ಹೋಲಿಸಬೇಕು. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಒಂದೇ ಜಾಗದಲ್ಲಿ ಎರಡು ಕಾಲಿಗೂ ಹಿಡಿದು ನೋಡಬಹುದು, 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಒಳಗೆ ಏನೋ ನಡೆದಿದೆ ಎಂದರ್ಥ. ನೋವಿಲ್ಲದೆ ಒಂದು ಪಾದ ಮಾತ್ರ ಊದಿ ಬಿಸಿಯಾಗಿದ್ದರೆ ಶಾರ್ಕೊ ಪಾದವಿರಬಹುದು: ಮೂಳೆಗಳು ಒಳಗೇ ಕುಸಿಯುತ್ತಿರುವ ಸ್ಥಿತಿ. ಇದನ್ನು ಉಳುಕು ಎಂದು ತಿಳಿದು ಎಣ್ಣೆ ತಿಕ್ಕಿ ನಡೆದಾಡಿಸಿದರೆ ಪಾದದ ಕಮಾನು ಕುಸಿದು ಅಂಗಾಲು ದೋಣಿಯ ತಳದಂತಾಗುತ್ತದೆ. ಕಾಲು ನೆಲಕ್ಕೆ ಊರಿಸದೆ ಅವತ್ತೇ ಕಳಿಸಬೇಕು.

ನಾಡಿ ಎರಡು ಕಡೆ: ಪಾದದ ಮೇಲ್ಭಾಗದಲ್ಲಿ ಹೆಬ್ಬೆರಳನ್ನು ಎತ್ತುವ ಸ್ನಾಯುರಜ್ಜುವಿನ ಪಕ್ಕ ಒಂದು, ಒಳಗಿನ ಗಿಣ್ಣಿನ ಹಿಂದೆ ಒಂದು. ಊದಿದ ಕಾಲಿನಲ್ಲಿ ಸಿಗದಿದ್ದರೆ ಬೆರಳನ್ನು ಒತ್ತಿಹಿಡಿದು ಊತ ಸರಿಸಿ ಮತ್ತೆ ಹುಡುಕಬೇಕು. ಎರಡೂ ಸಿಗದಿದ್ದರೆ ಕಾರ್ಡಿನಲ್ಲಿ ಹಾಗೆಂದೇ ಬರೆಯಬೇಕು. ‘ಇರಬಹುದು’ ಎಂಬ ಊಹೆ ಬೇಡ.

ಸ್ಪರ್ಶ ಪರೀಕ್ಷೆಯಲ್ಲಿ ಆಗುವಷ್ಟು ತಪ್ಪು ಬೇರೆಲ್ಲೂ ಆಗುವುದಿಲ್ಲ. ಸಾಧನ 10 ಗ್ರಾಂ ಮೊನೊಫಿಲಮೆಂಟ್, ಅಂದರೆ ಒತ್ತಿದಾಗ 10 ಗ್ರಾಂ ಭಾರಕ್ಕೆ ಬಾಗುವ ನೈಲಾನ್ ಎಳೆ. ಮೊದಲು ಅವರ ಕೈಗೆ ಮುಟ್ಟಿಸಿ ಹೇಗಿರುತ್ತದೆಂದು ತೋರಿಸಬೇಕು. ಆಮೇಲೆ ಕಣ್ಣು ಮುಚ್ಚಿಸಿ ಅಂಗಾಲಿನ ಮೂರು ಕಡೆ ಒತ್ತುವುದು: ಹೆಬ್ಬೆರಳಿನ ತಳ, ಹೆಬ್ಬೆರಳಿನ ಬುಡದ ಉಬ್ಬು, ಕಿರುಬೆರಳಿನ ಬುಡದ ಉಬ್ಬು. ಎಳೆ ನೆಟ್ಟಗೆ ಇಳಿದು ಬಾಗಬೇಕು. ಮುಟ್ಟಿ, ಒತ್ತಿ, ತೆಗೆಯುವುದೆಲ್ಲ ಸೇರಿ ಎರಡು ಸೆಕೆಂಡು. ಜಡ್ಡಿನ ಮೇಲೆ ಒತ್ತಬಾರದು, ಅಲ್ಲಿ ಯಾರಿಗೂ ತಿಳಿಯುವುದಿಲ್ಲ. ಪ್ರತಿ ಜಾಗದಲ್ಲಿ ಎರಡು ಸಲ ಒತ್ತಿ, ನಡುವೆ ಒಂದು ಸಲ ಒತ್ತದೆಯೇ ‘ಈಗ?’ ಎಂದು ಕೇಳಬೇಕು. ಮೂರರಲ್ಲಿ ಎರಡು ಉತ್ತರ ಸರಿಯಿದ್ದರೆ ಆ ಜಾಗದಲ್ಲಿ ಸ್ಪರ್ಶ ಉಳಿದಿದೆ. ಈ ಸುಳ್ಳು ಸರದಿಯನ್ನು ಬಿಡಲೇಬಾರದು. ನಮ್ಮ ಹಿರಿಯರು ನರ್ಸ್‌ಗೆ ಬೇಜಾರಾಗಬಾರದೆಂದು ‘ಗೊತ್ತಾಯ್ತಮ್ಮಾ, ಗೊತ್ತಾಯ್ತು’ ಎನ್ನುತ್ತಲೇ ಹೋಗುತ್ತಾರೆ. ಒತ್ತದಿದ್ದಾಗಲೂ ಗೊತ್ತಾಯ್ತು ಎಂದರೆ ಸತ್ಯ ಸಿಕ್ಕಿತು. ಎಳೆಗೂ ಆಯಾಸವಾಗುತ್ತದೆ. ಹತ್ತು ಹದಿನೈದು ಜನರನ್ನು ನೋಡಿದ ಎಳೆಗೆ 24 ಗಂಟೆ ವಿಶ್ರಾಂತಿ ಕೊಡಬೇಕು, 70ರಿಂದ 90 ಜನರಾದ ಮೇಲೆ ಎಳೆಯನ್ನೇ ಬದಲಿಸಬೇಕು. ಇನ್ನೂರು ಜನರ ಶಿಬಿರದಲ್ಲಿ ಒಂದೇ ಎಳೆ ಬೆಳಿಗ್ಗೆಯಿಂದ ಸಂಜೆವರೆಗೆ ಓಡಾಡಿದರೆ ಆ ವರದಿಗೆ ಬೆಲೆಯಿಲ್ಲ.

ಎಳೆ ಇಲ್ಲದ ದಿನಕ್ಕೆ ಬೆರಳೇ ಸಾಕು. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರಾಗಿ ಮುಟ್ಟಿ ‘ಬಲವೋ ಎಡವೋ’ ಕೇಳುವ ಇಪ್ಸ್‌ವಿಚ್ ಪರೀಕ್ಷೆ ಇದೆ. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ಸ್ಪರ್ಶ ಕುಂದಿದೆ. ಮನೆಯವರೂ ಮಾಡಬಹುದು. ಜೋಮಿಗೆಲ್ಲ ಸಕ್ಕರೆಯೇ ಕಾರಣ ಎಂದು ತೀರ್ಮಾನಿಸುವುದು ಬೇಡ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ12 ಕುಸಿದಿರಬಹುದು, ಮದ್ಯಪಾನ ಕಾರಣವಿರಬಹುದು, ಜೊತೆಗೆ ಚರ್ಮದ ಮೇಲೆ ಸ್ಪರ್ಶವಿಲ್ಲದ ಮಾಸಲು ಮಚ್ಚೆ ಇದ್ದರೆ ಕುಷ್ಠವನ್ನೂ ಯೋಚಿಸಬೇಕು.

ಇಷ್ಟಾದ ಮೇಲೆ ಉಗುರು. ಟಬ್ಬಿನಲ್ಲಿ ಅರ್ಧ ಗಂಟೆ ಕಾಲು ನೆನೆಸುವ ಪದ್ಧತಿಯನ್ನು ಪೂರ್ತಿ ಕೈಬಿಡಬೇಕು. ನೆನೆದ ಚರ್ಮ ಬಿಳಿಚಿ ಹರಿಯುತ್ತದೆ, ಸಂದಿನ ಫಂಗಸ್‌ಗೆ ಅದೇ ಹಬ್ಬ, ಮತ್ತು ಒಂದೇ ಟಬ್ಬು ಎಂಟು ಜನರಿಗೆ ಓಡಾಡುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬೆರಳ ಸಂದುಗಳನ್ನು ಒಣ ಗಾಜ್ ಬಟ್ಟೆಯಿಂದ (ಗಾಯಕ್ಕೆ ಕಟ್ಟುವ ತೆಳು ಹತ್ತಿ ಬಟ್ಟೆ) ಒತ್ತಿ ಒಣಗಿಸಿದರೆ ಸಾಕು. ನೀರು 37 ಡಿಗ್ರಿ ಮೀರಬಾರದು. ನೋಡುವುದು ನರ್ಸ್‌ನ ಮೊಣಕೈಯಿಂದ, ಹಿರಿಯರ ಪಾದದಿಂದ ಅಲ್ಲ. ದಪ್ಪ ಉಗುರಿಗೆ ಮನೆಯ ನೇಲ್‌ಕಟ್ಟರ್ ಬಾಯಿ ಸಾಲದು, ಬಲವಂತ ಮಾಡಿದರೆ ಉಗುರು ಉದ್ದಕ್ಕೆ ಸೀಳುತ್ತದೆ. ಐದೂವರೆ ಇಂಚಿನ, ಜೋಡಿ ಕೀಲಿನ ನಿಪ್ಪರ್, ಅಂದರೆ ಇಕ್ಕಳದಂಥ ಉಗುರು ಕತ್ತರಿ ಬೇಕು. ಒಂದೇ ಏಟಿಗೆ ಕತ್ತರಿಸದೆ ಅಂಚಿನಿಂದ ಶುರುಮಾಡಿ ಎರಡು ಮೂರು ಮಿಲಿಮೀಟರಿನಂತೆ ಕಚ್ಚುತ್ತಾ ಬರಬೇಕು. ಇನ್ನೊಂದು ಕೈಯ ಹೆಬ್ಬೆರಳು ಕೆಳಗಿನ ಮಾಂಸವನ್ನು ಹಿಂದಕ್ಕೆ ಸರಿಸಿ ಹಿಡಿದಿರಬೇಕು. ನೇರಕ್ಕೆ ಕತ್ತರಿಸಿ ಮೂಲೆಗಳನ್ನು ಅರದಿಂದ ಮೊಂಡು ಮಾಡಬೇಕು. ಮೂಲೆಯನ್ನು ಒಳಕ್ಕೆ ಕೊರೆದು ತೆಗೆದರೆ ಮುಂದಿನ ಸಲ ಅಲ್ಲೇ ಉಗುರು ಮಾಂಸಕ್ಕೆ ನಾಟುತ್ತದೆ. ಫಂಗಸ್ ಹಿಡಿದ ಉಗುರನ್ನು ಉಜ್ಜುವಾಗ ಏಳುವ ಪುಡಿ ಉಸಿರಿಗೆ ಹೋಗುತ್ತದೆ, ಎನ್95 ಮಾಸ್ಕ್ ತಪ್ಪಿಸಬಾರದು. ಟಗರಿನ ಕೊಂಬಿನಂತೆ ತಿರುಚಿಕೊಂಡ ಉಗುರನ್ನು ಒಂದೇ ದಿನ ಸರಿಮಾಡುವ ಹಟ ಬೇಡ. ಎರಡು ಮೂರು ಸರದಿಯಲ್ಲಿ ಇಳಿಸಿದರಾಯಿತು.

ಹಿಮ್ಮಡಿ ಒಡಕಿಗೆ 10ರಿಂದ 25 ಪ್ರತಿಶತ ಯೂರಿಯಾ ಇರುವ ಕ್ರೀಮು, ರಾತ್ರಿ ಮಲಗುವಾಗ, ಬೆರಳ ಸಂದು ಬಿಟ್ಟು. ಕೊಬ್ಬರಿ ಎಣ್ಣೆಯೂ ಕೆಲಸ ಮಾಡುತ್ತದೆ, ಆದರೆ ಎಣ್ಣೆ ಹಚ್ಚಿದ ಅಂಗಾಲಿನಲ್ಲಿ ಗ್ರಾನೈಟ್ ನೆಲದ ಮೇಲೆ ಶೌಚಾಲಯಕ್ಕೆ ಎದ್ದು ಹೋದವರು ಜಾರಿ ಬಿದ್ದರೆ ಸೊಂಟ ಮುರಿಯುತ್ತದೆ. ಹಚ್ಚಿದ ಮೇಲೆ ಹತ್ತಿಯ ಕಾಲುಚೀಲ ಹಾಕಿ, ಅದರ ಮೇಲೆ ಹಿಂದೆ ಪಟ್ಟಿ ಇರುವ ಚಪ್ಪಲಿ ಮೆಟ್ಟಿಯೇ ಏಳಬೇಕು.

ನಿಲ್ಲಿಸಬೇಕಾದ ಗೆರೆ

ನರ್ಸ್ ಏನು ಮಾಡಬಾರದು ಎಂಬುದನ್ನು ಮೊದಲ ಶನಿವಾರಕ್ಕೂ ಮುಂಚೆ ಕಾಗದದಲ್ಲಿ ಬರೆದು, ಒಬ್ಬ ವೈದ್ಯರ ಸಹಿ ಹಾಕಿಸಿ ಗೋಡೆಗೆ ಅಂಟಿಸಬೇಕು. ಬ್ಲೇಡಿನಿಂದ ಆಣಿ ಕೆತ್ತುವಂತಿಲ್ಲ. ಗುಳ್ಳೆ ಒಡೆಯುವಂತಿಲ್ಲ. ಮಾಂಸಕ್ಕೆ ನಾಟಿದ ಉಗುರನ್ನು ಅಗೆಯುವಂತಿಲ್ಲ. ಹುಣ್ಣು ಕೆರೆದು ಶುಚಿಗೊಳಿಸುವಂತಿಲ್ಲ. ಆಂಟಿಬಯಾಟಿಕ್ ಹೇಳುವಂತಿಲ್ಲ. ಇಷ್ಟು ಕಟ್ಟುನಿಟ್ಟು ಯಾಕೆಂದರೆ ಪರಿಚಯದ ಜಾಗದಲ್ಲಿ ಒತ್ತಾಯ ಜಾಸ್ತಿ: ‘ನೀನೇ ತೆಗೆದುಬಿಡಮ್ಮಾ, ಆಸ್ಪತ್ರೆಗೆ ಯಾರು ಹೋಗ್ತಾರೆ’ ಎಂದು ಕೇಳುವವರು ಅಕ್ಕರೆಯ ಜನ. ಅವರಿಗೆ ಇಲ್ಲ ಎನ್ನಲು ಗೋಡೆಯ ಮೇಲಿನ ಕಾಗದ ನೆರವಾಗುತ್ತದೆ.

ಹೊಸ ಹುಣ್ಣು, ಜಡ್ಡಿನ ಕೆಳಗೆ ಕಪ್ಪು ರಕ್ತದ ಚುಕ್ಕೆ, ವಾಸನೆ, ಕಪ್ಪಾದ ಬೆರಳು, ಏಕಾಏಕಿ ತಣ್ಣಗಾದ ಪಾದ, ಜ್ವರದ ಜೊತೆ ಊತ. ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಸರದಿಗೆ ಕಾಯುವುದಿಲ್ಲ. ಹುಣ್ಣಾದರೆ 24 ಗಂಟೆಯೊಳಗೆ, ಕಪ್ಪಾದ ಅಥವಾ ತಣ್ಣಗಾದ ಪಾದವಾದರೆ ಅದೇ ಗಂಟೆಯಲ್ಲಿ. ‘ಡಾಕ್ಟರಿಗೆ ತೋರಿಸಿ’ ಎಂದು ಹೇಳಿ ಕಳಿಸಿದರೆ ಅರ್ಧ ಜನ ಮನೆಗೆ ಹೋಗಿ ಅರಿಸಿನ ಹಾಕುತ್ತಾರೆ. ಯಾವ ಆಸ್ಪತ್ರೆ, ಯಾವ ವಿಭಾಗ, ಯಾರು ಜೊತೆಗೆ ಹೋಗುತ್ತಾರೆ, ಆಟೊ ದುಡ್ಡು ಯಾರದು ಎಂಬುದೆಲ್ಲ ಮೊದಲೇ ನಿಗದಿಯಾಗಿರಬೇಕು. ನಗರದಲ್ಲಿ ಸರ್ಕಾರದ್ದೇ ಆದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಇದೆ. ರಕ್ತನಾಳದ ಶಸ್ತ್ರಚಿಕಿತ್ಸೆಗೆ ವಸಂತನಗರದ ಜೈನ್ ಆಸ್ಪತ್ರೆಯಂಥ ಕೇಂದ್ರಗಳಿವೆ. ಮಿಷನ್ ಆಸ್ಪತ್ರೆಗಳಂತೂ ಸಭೆಗೆ ಹಳೆಯ ಪರಿಚಯ. ಫೋನ್ ನಂಬರ್ ಹಿಡಿದು ಒಮ್ಮೆ ಹೋಗಿ ಮಾತಾಡಿಕೊಂಡು ಬಂದಿರಬೇಕು.

ಕತ್ತರಿಸುವಾಗ ರಕ್ತ ಬಂದರೆ ಗಾಜ್ ಬಟ್ಟೆ ಒತ್ತಿ ಐದು ನಿಮಿಷ, ರಕ್ತ ತೆಳುವಾಗಿಸುವ ಮಾತ್ರೆ ಇದ್ದವರಿಗೆ ಹತ್ತು ನಿಮಿಷ. ನಡುವೆ ತೆಗೆದು ಇಣುಕಬಾರದು. ಒಣ ಪಟ್ಟಿ ಕಟ್ಟಿ, ಪುಸ್ತಕದಲ್ಲಿ ಬರೆದು, ಮಾರನೆಯ ದಿನ ಫೋನ್ ಮಾಡಬೇಕು. ಬರೆಯಲು ಹಿಂಜರಿಯುವ ತಂಡಕ್ಕೆ ತನ್ನ ತಪ್ಪು ಎಲ್ಲಿ ಮರುಕಳಿಸುತ್ತಿದೆ ಎಂದೇ ತಿಳಿಯುವುದಿಲ್ಲ.

ಸಲಕರಣೆಯ ಶುದ್ಧಿಯಲ್ಲಿ ರಾಜಿ ಇಲ್ಲ. ಹೆಪಟೈಟಿಸ್ ಬಿ ವೈರಸ್ ಒಣ ಮೇಲ್ಮೈ ಮೇಲೆ ಕನಿಷ್ಠ ಏಳು ದಿನ ಬದುಕಿರಬಲ್ಲದು. ಒಬ್ಬರ ನಿಪ್ಪರನ್ನು ಸ್ಪಿರಿಟ್‌ನಲ್ಲಿ ಒರೆಸಿ ಇನ್ನೊಬ್ಬರಿಗೆ ಬಳಸುವುದು ಸಲ್ಲದು. ಎಂಟು ಜನರಿಗೆ ಎಂಟು ಸೆಟ್, ಕೈಜಾರಿ ಬಿದ್ದರೆ ಎಂದು ಇನ್ನೆರಡು, ಒಟ್ಟು ಹತ್ತು. ಮುಗಿದ ಮೇಲೆ ಕೀಲು ಬಿಡಿಸಿ ಸೋಪು ನೀರಿನಲ್ಲಿ ಬ್ರಷ್ ಹಾಕಿ ಉಜ್ಜಿ, ಒಣಗಿಸಿ, ಸೂಚಕವಿರುವ ಪೌಚಿನಲ್ಲಿಟ್ಟು 121 ಡಿಗ್ರಿಯಲ್ಲಿ 30 ನಿಮಿಷ ಆಟೊಕ್ಲೇವ್ (ಒತ್ತಡದ ಹಬೆಯಲ್ಲಿ ಶುದ್ಧಿ) ಮಾಡಬೇಕು. ಉಜ್ಜದೆ ಹಾಕಿದರೆ ಅಂಟಿದ ಕೊಳೆಯ ಒಳಗಿನ ರೋಗಾಣು ಉಳಿಯುತ್ತದೆ. ಕುದಿಯುವ ನೀರಿನಲ್ಲಿ ಬೀಜಾಣುಗಳು ಸಾಯುವುದಿಲ್ಲ, ಬ್ಲೀಚ್ ಹಾಕಿದರೆ ಸ್ಟೀಲ್ ತಿಂದುಹೋಗುತ್ತದೆ. ಆಟೊಕ್ಲೇವ್ ಕೊಳ್ಳಲಾಗದಿದ್ದರೆ ಪಕ್ಕದ ದಂತ ಚಿಕಿತ್ಸಾಲಯದ ಜೊತೆ ಒಪ್ಪಂದ ಮಾಡಿಕೊಳ್ಳಬಹುದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಆರೋಗ್ಯ ಶಿಬಿರಗಳಿಗೂ ಅನ್ವಯಿಸುತ್ತವೆ: ರಕ್ತ ತಾಗಿದ ಹತ್ತಿ, ಗಾಜ್ ಬಟ್ಟೆ ಹಳದಿ ಚೀಲಕ್ಕೆ, ಗ್ಲೌಸ್ ಕೆಂಪಿಗೆ, ಚೂಪಾದದ್ದು ಬಿಳಿಯ ಗಟ್ಟಿ ಡಬ್ಬಿಗೆ. ಬಿಬಿಎಂಪಿ ಕಾಲದಿಂದ ರೂಢಿಯಾದ ಹಸಿ ಕಸ, ಒಣ ಕಸದ ಬುಟ್ಟಿಗೆ ಇವು ಹೋದರೆ ಚುಚ್ಚಿಸಿಕೊಳ್ಳುವವರು ಪೌರಕಾರ್ಮಿಕರು.

ಬರಿಗಾಲು, ಚಪ್ಪಲಿ, ಹರಕೆ

ಎಂಟು ವಾರಗಳ ನಡುವಿನ 55 ದಿನ ಪಾದ ಹಿರಿಯರ ಕೈಯಲ್ಲೇ ಇರುತ್ತದೆ. ಹೆಚ್ಚಿನ ಅನಾಹುತ ಆಗುವುದು ಆಗಲೇ. ಔಷಧದ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವ ಆಣಿಯ ಪಟ್ಟಿಯಲ್ಲಿ ಸ್ಯಾಲಿಸಿಲಿಕ್ ಆಮ್ಲ ಇರುತ್ತದೆ. ಜೋಮು ಹಿಡಿದ ಪಾದದಲ್ಲಿ ಅದು ಆಣಿಯ ಜೊತೆ ಒಳ್ಳೆಯ ಚರ್ಮವನ್ನೂ ಸುಡುತ್ತದೆ. ಚಳಿಗೆ ಇಟ್ಟುಕೊಂಡ ಬಿಸಿನೀರಿನ ಬ್ಯಾಗು, ನೀರು ಬೆರೆಸದ ಆಂಟಿಸೆಪ್ಟಿಕ್, ಸ್ಕೂಟರಿನ ಸೈಲೆನ್ಸರ್, ನೆಲದ ಮೇಲೆ ಮಲಗಿದಾಗ ಇಲಿ. ಇಲಿಯ ಮಾತು ಉತ್ಪ್ರೇಕ್ಷೆಯಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ 1946ರಲ್ಲಿ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್, ಕುಷ್ಠರೋಗಿಗಳು ಬೆರಳು ಕಳೆದುಕೊಳ್ಳುವುದು ರೋಗಾಣು ತಿನ್ನುವುದರಿಂದ ಅಲ್ಲ, ನೋವು ತಿಳಿಯದೆ ಆಗುವ ಗಾಯಗಳಿಂದ ಎಂದು ತೋರಿಸಿಕೊಟ್ಟರು. ರಾತ್ರಿ ಇಲಿ ಕಡಿದದ್ದೂ ಆ ಗಾಯಗಳಲ್ಲಿ ಸೇರಿತ್ತು. ಸಕ್ಕರೆ ಕಾಯಿಲೆಯವರಿಗೆ ಇವತ್ತು ಬರೆದುಕೊಡುವ ಎಂಸಿಆರ್ ಚಪ್ಪಲಿ, ಅಂದರೆ ಸಣ್ಣ ಗಾಳಿಗುಳ್ಳೆಗಳ ಮೆತ್ತನೆ ರಬ್ಬರಿನ ಅಟ್ಟೆ, ನಮ್ಮಲ್ಲಿ ಬಳಕೆಗೆ ಬಂದದ್ದು ಕುಷ್ಠರೋಗದ ಆಸ್ಪತ್ರೆಗಳಿಂದಲೇ. ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿ ಕುಷ್ಠಬಾಧಿತರ ನಡುವೆ ಕೆಲಸ ಮಾಡುತ್ತ ಬಂದ ಬೆಂಗಳೂರಿನ ಕ್ರೈಸ್ತ ಸಮುದಾಯಕ್ಕೆ ಜೋಮಿನ ಪಾದ ಹೊಸ ವಿಷಯವೇನಲ್ಲ.

ಸರದಿಗೆ ಬರುವಾಗ ದಿನಾ ಮೆಟ್ಟುವ ಚಪ್ಪಲಿಯನ್ನೇ ತರಲು ಹೇಳಬೇಕು, ಭಾನುವಾರದ ಶೂ ಅಲ್ಲ. ಒಳಗೆ ಕೈಯಾಡಿಸಿದರೆ ಮೊಳೆ, ಹರಳು, ಎದ್ದ ಹೊಲಿಗೆ ಸಿಗುತ್ತದೆ. ಅಟ್ಟೆ ಎಲ್ಲಿ ಸವೆದಿದೆಯೋ ಪಾದದ ಒತ್ತಡ ಅಲ್ಲಿದೆ. ಹಿಂದೆ ಪಟ್ಟಿ, ಮೇಲೆ ವೆಲ್ಕ್ರೋ, ಉದ್ದದ ಬೆರಳಿನ ಮುಂದೆ ಒಂದು ಸೆಂಟಿಮೀಟರ್ ಜಾಗ. ಕೊಳ್ಳಲು ಹೋಗುವುದು ಪಾದ ಸ್ವಲ್ಪ ಊದಿರುವ ಸಂಜೆ ಹೊತ್ತಿಗೆ.

ಇಲ್ಲಿ ಗುರುಗಳ, ಸಭಾಪಾಲಕರ ಒಂದು ಮಾತು ನರ್ಸ್‌ನ ಹತ್ತು ಮಾತಿಗೆ ಸಮ. ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದ ಸೆಪ್ಟೆಂಬರ್ 8ರ ಹಬ್ಬಕ್ಕೂ ವೇಳಾಂಗಣ್ಣಿಯ ಹರಕೆಗೂ ಬರಿಗಾಲಿನಲ್ಲಿ ನಡೆಯುವವರಲ್ಲಿ ಎಪ್ಪತ್ತು ದಾಟಿದವರೂ ಇರುತ್ತಾರೆ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಶಿಲುಬೆ ಹಾದಿ ಬೀಳುವುದು ಮಾರ್ಚ್, ಏಪ್ರಿಲ್ ಬಿಸಿಲಿಗೆ. ಅಂಗಳದ ಕಲ್ಲು ಕಾದ ಹಂಚಾಗಿರುತ್ತದೆ. ಸ್ಪರ್ಶ ಉಳಿದವರು ಹೆಜ್ಜೆ ಬೇಗ ಎತ್ತುತ್ತಾರೆ, ಜೋಮಿನವರು ನಿಂತೇ ಇರುತ್ತಾರೆ, ಸಂಜೆಗೆ ಅಂಗಾಲಿಡೀ ಗುಳ್ಳೆ. ‘ಚಪ್ಪಲಿ ಮೆಟ್ಟಿ ನಡೆದರೂ ಹರಕೆ ಸಲ್ಲುತ್ತದೆ’ ಎಂಬುದನ್ನು ಪೀಠದಿಂದ ಹೇಳಬೇಕು, ಪ್ರತಿ ವರ್ಷ ಹೇಳಬೇಕು. ಹೊರಗೆ ಚಪ್ಪಲಿ ಬಿಡುವ ಚರ್ಚುಗಳಲ್ಲಿ ಒಳಗೆ ಮಾತ್ರ ಹಾಕಿಕೊಳ್ಳುವ ಮೆತ್ತನೆಯ ಚಪ್ಪಲಿಗೆ ಅನುಮತಿ ಕೊಟ್ಟರೆ ಸಾಕು.

ದುಡ್ಡು, ಗುಟ್ಟು

ಇಂಥ ಸೇವೆ ನಿಂತುಹೋಗುವುದು ಹಣವಿಲ್ಲದೆ ಅನ್ನುವುದಕ್ಕಿಂತ ಒಬ್ಬರೇ ನರ್ಸ್ ಮೇಲೆ ನಿಂತಿರುವುದರಿಂದ. ಅವರ ಮಗಳ ಬಾಣಂತನ ಬಂತು, ಎರಡು ಶನಿವಾರ ತಪ್ಪಿತು, ಮೂರನೆಯದಕ್ಕೆ ಯಾರೂ ಬರಲಿಲ್ಲ. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿ ಚಾಲ್ತಿಯಲ್ಲಿರುವ ಕನಿಷ್ಠ ನಾಲ್ವರು ಬೇಕು, ಎಲ್ಲರೂ ಪಾದದ ಚಿಕಿತ್ಸಾಲಯವೊಂದರಲ್ಲಿ ಕೆಲವು ದಿನ ನಿಂತು ನೋಡಿ ಕಲಿತಿರಬೇಕು. ಅವರಿಗೆ ಗೌರವಧನ ಕೊಡಬೇಕು. ಆರ್ಗನ್ ದುರಸ್ತಿಗೆ, ಪೆಂಡಾಲಿಗೆ ಬಜೆಟ್ ಇರುವ ಸಭೆಯಲ್ಲಿ ನರ್ಸ್‌ನ ಕೈಗೆ ಮಾತ್ರ ‘ಸೇವೆ’ ಎಂಬ ಹೆಸರಿಟ್ಟು ಬಿಟ್ಟಿ ದುಡಿಸುವುದು ಅನ್ಯಾಯ, ಮತ್ತು ಬಿಟ್ಟಿ ಕೆಲಸ ಬಹುಕಾಲ ಬಾಳುವುದೂ ಇಲ್ಲ. ಸ್ಥಾನ ಉಳಿದರೆ ಅಕ್ಕಪಕ್ಕದ ಬೀದಿಯ ಹಿರಿಯರಿಗೆ, ಯಾವ ಧರ್ಮದವರೇ ಆಗಲಿ, ಕೊಡಬೇಕು. ಚರ್ಚು ಗುಡಿಸುವ ಅಜ್ಜಿಗೂ ಪಾದಗಳಿವೆ.

ಇನ್ನು ಗುಟ್ಟು. ‘ನಮ್ಮ ಅಂಕಲ್‌ಗೆ ಕಾಲು ಹುಣ್ಣಾಗಿದೆ, ಪ್ರಾರ್ಥಿಸಿ’ ಎಂದು ಫೋಟೊ ಸಮೇತ ವಾಟ್ಸಾಪ್ ಗುಂಪಿಗೆ ಹಾಕುವವರು ಒಳ್ಳೆಯ ಮನಸ್ಸಿನಿಂದಲೇ ಹಾಕುತ್ತಾರೆ. ಆ ಅಂಕಲ್ ಮತ್ತೆ ಸರದಿಗೆ ಬರುವುದಿಲ್ಲ. ಎರಡು ಪಾದಗಳ ಚಿತ್ರ ಅಚ್ಚಾದ ಕಾರ್ಡು ಎರಡು ಪ್ರತಿ: ಒಂದು ಬೀಗದ ಪೆಟ್ಟಿಗೆಯಲ್ಲಿ, ಒಂದು ಅವರ ಕೈಯಲ್ಲಿ. ಅದರಲ್ಲಿ ನಾಡಿ, ಸ್ಪರ್ಶ, ಏನು ಮಾಡಿದೆವು, ಮುಂದಿನ ದಿನಾಂಕ. ಪ್ರಾರ್ಥನೆಗೆ ಹೆಸರು ಕೊಡುವುದು ಬಿಡುವುದು ಅವರಿಗೆ ಸೇರಿದ್ದು.

ಸಂಡೇಸ್ಕೂಲಿನ ಕೋಣೆಯವರೆಗೆ ಬರಲಾಗದವರು ಉಳಿಯುತ್ತಾರೆ. ಸ್ಟ್ರೋಕ್ ಆದವರು, ಮಂಚ ಹಿಡಿದವರು, ಮೂರನೇ ಮಹಡಿಯಿಂದ ಇಳಿಯಲಾರದವರು. ಅಪಾಯ ಹೆಚ್ಚಿರುವುದು ಇವರಿಗೇ. ಹಿಮ್ಮಡಿ ಹಾಸಿಗೆಗೆ ಒತ್ತಿಯೇ ಹುಣ್ಣಾಗುತ್ತದೆ, ಕಣಕಾಲಿನ ಕೆಳಗೆ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮಾಡಬೇಕೆಂದು ಮನೆಯವರಿಗೆ ಯಾರೂ ಹೇಳಿರುವುದಿಲ್ಲ. ಇವರಿಗಾಗಿ ಹೊಸ ಸಮೀಕ್ಷೆ ಬೇಕಿಲ್ಲ. ತಿಂಗಳ ಮೊದಲ ಶುಕ್ರವಾರ ಕಾಯಿಲೆಯವರ ಮನೆಗಳಿಗೆ ಪರಮಪ್ರಸಾದ ಹೋಗುತ್ತದೆ. ಪಾದದ ಚೀಲ ಹೊತ್ತ ನರ್ಸ್ ತಿಂಗಳು ಬಿಟ್ಟು ತಿಂಗಳು ಅದೇ ಆಟೊದಲ್ಲಿ ಕೂತರಾಯಿತು. ಯಾವ ಮನೆ, ಎಷ್ಟನೇ ಮಹಡಿ, ಬಾಗಿಲು ತೆಗೆಯುವವರು ಯಾರು ಎಂಬುದು ಗುರುಗಳ ಡೈರಿಯಲ್ಲಿ ಈಗಾಗಲೇ ಬರೆದಿದೆ.